ನಾನೂರ ಹದಿನೇಳನೇ ಹಾಡು

ಇಂದ್ರಾಣಿಯ ಪಾಲಿನ ಬೆಲ್ಲ ಗಾಡಿಯಲ್ಲಿ ಬರುತ್ತಿತ್ತು, ನನ್ನದು ಪೊಟ್ಟಣದಲ್ಲಿ. ಪೊಟ್ಟಣವೆಂದರೆ ದೊಡ್ಡ ಮಾತಾಯಿತು; ಮುತ್ತುಗದ ಎಲೆಯದೊಂದು ಚೂರು, ಅದರೊಳಗೆ ಹುಣಸೆ ಬೀಜದಷ್ಟು ಬೆಲ್ಲ. ಮನೆಗೆ ತರುವಷ್ಟರಲ್ಲಿ ಕೈ ಬೆವರಿದರೆ ಅರ್ಧ ಅಂಗೈಗೇ ಅಂಟಿಕೊಂಡಿರುತ್ತಿತ್ತು. ಅವಳ ಗಾಡಿ ನಮ್ಮ ಬೀದಿಯನ್ನು ಹಾದೇ ಮೂರನೇ ಬೀದಿಗೆ ತಿರುಗಬೇಕು. ಗಾಡಿಯ ಹಿಂದೆ ಇರುವೆಗಳ ಸಾಲು ಮದುವೆ ದಿಬ್ಬಣದ ಹಾಗೆ ಹೋಗುವುದು. ನಮ್ಮ ಮನೆಯ ಇರುವೆಗಳೂ ಹೊಸ್ತಿಲು ದಾಟಿ ಆ ಸಾಲಿಗೆ ಸೇರಿಕೊಳ್ಳುತ್ತಿದ್ದವು. ಅದನ್ನು ನೋಡಿದ ದಿನ ದಿನಚರಿಯಲ್ಲಿ ಒಂದೇ ಸಾಲು ಬರೆದೆ: ‘ಇರುವೆಗಳೂ ಅವಳ ಕಡೆಗೆ.’

ನಮ್ಮೂರಲ್ಲಿ ಹಾಡು ಬರುವುದು ನಲ್ಲಿಯಲ್ಲಿ. ಪ್ರತಿ ಮನೆಯ ಅಡುಗೆಕೋಣೆಯ ಗೋಡೆಗೆ ಒಂದು ಹಿತ್ತಾಳೆಯ ನಲ್ಲಿ, ಪಕ್ಕದಲ್ಲಿ ಹಾಡಿನ ನಂಬರು ತಿರುಗಿಸುವ ಬಿಲ್ಲೆ, ಕೆಳಗೆ ಮೀಟರು. ಬಿಟ್ಟರೆ ಬೀಳುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ವಾಷರು ಸವೆದ ಮನೆಗಳಲ್ಲಿ ಒಂದೊಂದೇ ಸ್ವರ ತೊಟ್ಟಿಕ್ಕುತ್ತಿರುತ್ತದೆ. ಇದಕ್ಕೆ ಮನೆಗೆ ತಿಂಗಳಿಗೆ ಎರಡು ಅಚ್ಚು ಬೆಲ್ಲ. ಒಂದೇ ಹಾಡು ಕೇಳಿದರೂ ಎರಡು, ಇಡೀ ದಿನ ಬಿಟ್ಟುಕೊಂಡು ಕೂತರೂ ಎರಡು. ಊರಿನ ಅಚ್ಚುಗಳೆಲ್ಲ ನಲ್ಲಿ ಕಚೇರಿಗೆ ಬಂದು ಸೇರುತ್ತವೆ. ಹತ್ತರಲ್ಲಿ ಮೂರು ಪಾಲನ್ನು ಕಚೇರಿ ಮೊದಲೇ ತೆಗೆದಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ಒಂದೇ ಕೊಪ್ಪರಿಗೆಯಲ್ಲಿ ಕರಗಿಸಿ, ಊರು ಯಾರ ಹಾಡನ್ನು ಎಷ್ಟು ಸಲ ಕೇಳಿತೋ ಅದೇ ಲೆಕ್ಕದಲ್ಲಿ ಹಾಡಿದವರಿಗೆ ಹಂಚುತ್ತದೆ. ಹತ್ತು ಉಸಿರು ಎಳೆದು ಬಿಡುವಷ್ಟು ಹೊತ್ತು ಹಾಡು ಹರಿದರೆ ಮೀಟರಿನ ಗಾಲಿ ಒಂದು ಹಲ್ಲು ಮುಂದೆ ಹೋಗುತ್ತದೆ. ಆಮೇಲೆ ಅದು ಎಷ್ಟು ಹರಿದರೂ ಅಷ್ಟೇ, ಒಂದೇ ಹಲ್ಲು.

ಇಂದ್ರಾಣಿ ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವಳು. ಅವಳ ಹಾಡುಗಳೆಲ್ಲ ಹನ್ನೊಂದು ಉಸಿರಿನವು. ‘ತಾರೇ ತಟ್ಟೆ, ಹಾಕೇ ರೊಟ್ಟಿ’ ಅಂತ ಶುರುವಾಗಿ, ರೊಟ್ಟಿ ಉಬ್ಬುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಮುಗಿಯಿತಲ್ಲ ಅಂತ ಜನ ಇನ್ನೊಂದು ಸಲ ತಿರುಗಿಸುತ್ತಾರೆ, ಇನ್ನೊಂದು ರೊಟ್ಟಿಗೆ ಇನ್ನೊಂದು ಸಲ. ನಾಲ್ಕು ಜನರಿರುವ ಮನೆಯಲ್ಲಿ ಒಂದು ಹೊತ್ತಿನ ಅಡುಗೆಗೆ ಹನ್ನೆರಡು ಹಲ್ಲು! ನನ್ನ ಹಾಡು ಇನ್ನೂರು ಉಸಿರಿನದು. ಹಗ್ಗದ ಮೇಲೆ ಹರಡಿದ ಬಟ್ಟೆಗಳು ಬೆಳಗಿನಿಂದ ಸಂಜೆಯವರೆಗೆ ಒಣಗುವುದು, ಒಂದೊಂದು ಬಟ್ಟೆಗೆ ಒಂದೊಂದು ನುಡಿ. ‘ಒಣಗಲಿ ಬಿಡು, ಒಣಗಲಿ ಬಿಡು, ಅವಸರವೇತಕೆ ಬಿಸಿಲಿಗೆ, ಹಿಂಡಿದ ಮೇಲೂ ಉಳಿದ ನೀರು ತಾನೇ ಇಳಿವುದು ಮಣ್ಣಿಗೆ.’ ಎರಡು ವರ್ಷ ಕೂತು ಕಟ್ಟಿದ್ದೆ. ಕಚೇರಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿಕೊಂಡು ಕೊಳವೆಯ ಬಾಯಿಗೆ ಹಾಡಿದೆ. ಚೀಟಿಯಲ್ಲಿ ಹೆಸರಿನ ಜಾಗಕ್ಕೆ ಗೆರೆ ಎಳೆದೆ. ಹಾಗೆ ಗೆರೆ ಎಳೆದವರಿಗೆ ಬರೀ ನಂಬರು ಕೊಡುತ್ತಾರೆ, ಬೆಲ್ಲವನ್ನು ಹೊರಗಿನ ಗೂಡಿನಲ್ಲಿಟ್ಟಿರುತ್ತಾರೆ, ಯಾರು ಬಂದು ಒಯ್ದರೂ ಕೇಳುವುದಿಲ್ಲ. ನಾನು ನಾನೂರ ಹದಿನೇಳು. ಅಮ್ಮನಿಗೂ ಹೇಳಿರಲಿಲ್ಲ.

ಬಿ.ಎ. ಮುಗಿಸಿ ಮನೆಯಲ್ಲೇ ಕೂತಿದ್ದವಳಿಗೆ ಸಿಕ್ಕಿದ್ದೂ ಅದೇ ಕಚೇರಿಯಲ್ಲಿ ಮೀಟರು ಓದುವ ಕೆಲಸ. ಒಂದನೇ ಮತ್ತು ಎರಡನೇ ಬೀದಿ ನನಗೆ, ಮೂರು ಮತ್ತು ನಾಲ್ಕು ಗಿರಿಜಮ್ಮನವರಿಗೆ. ಮೀಟರು ಓದುವವಳ ಮುಖವನ್ನು ಯಾರೂ ನೋಡುವುದಿಲ್ಲ, ಅದು ನನಗೆ ಹಿತವಾಗಿಯೇ ಇತ್ತು. ಆದರೆ ಮೀಟರು ಓದುವವಳು ಊರಿನ ಹೊಟ್ಟೆಯೊಳಗಿನದನ್ನೆಲ್ಲ ನೋಡಿಬಿಡುತ್ತಾಳೆ. ನನಗೆ ಅಕ್ಷರ ಕಲಿಸಿದ ಮೇಷ್ಟರ ಮನೆಯಲ್ಲಿ ಇಂದ್ರಾಣಿ ಇನ್ನೂರ ಹತ್ತು, ನಾನು ಸೊನ್ನೆ. ಸೋದರತ್ತೆಯ ಮನೆಯಲ್ಲಿ ಇಂದ್ರಾಣಿ ಮುನ್ನೂರು, ನಾನು ಒಂದು. ಅದೂ ಬಿಲ್ಲೆ ಕೈತಪ್ಪಿ ತಿರುಗಿದ್ದಿರಬೇಕು. ನಮ್ಮ ಮನೆಯ ಮೀಟರನ್ನು ಓದುವಾಗ ನಾನು ಉಸಿರು ಹಿಡಿದುಕೊಳ್ಳುತ್ತಿದ್ದೆ.

“ಅಮ್ಮಾ, ಬರೀ ಇಂದ್ರಾಣಿದೇ ಇದೆಯಲ್ಲ.”

“ಮತ್ತೆ ಇನ್ಯಾರ್ದು ಕೇಳ್ಲಿ? ಅವಳು ಹಾಡಿದ್ರೆ ಕೈ ತಾನಾಗೇ ಓಡುತ್ತೆ. ನಿನ್ ಜೊತೇಲೇ ಕಲ್ತವಳು, ನೋಡು ಹೆಂಗೆ ಮುಂದಕ್ಕೆ ಬಂದ್ಲು. ನೀನು ಬರಕೋ, ಬರಕೋ.”

ಬರೆದುಕೊಂಡೆ. ಶಾಲೆಯ ಪ್ರಾರ್ಥನೆಯಲ್ಲಿ ಇಂದ್ರಾಣಿ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದಳು, ನಾನು ಅವಳ ಜಡೆಯ ಹಿಂದೆ ನಿಂತು ತುಟಿ ಮಾತ್ರ ಆಡಿಸುತ್ತಿದ್ದೆ. ಆಗಲೂ ಹೊಟ್ಟೆಯೊಳಗೆ ಹೀಗೇ ಒಂದು ಕೆಂಡ ಇರುತ್ತಿತ್ತು. ಆಗ ಅದಕ್ಕೆ ಲೆಕ್ಕ ಇರಲಿಲ್ಲ, ಈಗ ಮನೆಮನೆಯಲ್ಲೂ ಅಂಕಿ ಸಮೇತ ತೋರಿಸುವ ಯಂತ್ರ ಇದೆ.

ಎರಡನೇ ಬೀದಿಯ ದರ್ಜಿ ಭಾಗೀರಥಮ್ಮ ಒಬ್ಬರು ಮಾತ್ರ ಬೇರೆ ಯಾವ ನಂಬರನ್ನೂ ತಿರುಗಿಸದೆ ನನ್ನದನ್ನೇ ಕೇಳುತ್ತಿದ್ದರು, ದಿನಕ್ಕೆ ಒಂದು ಸಲ, ಹೊಲಿಗೆಗೆ ಕೂತಾಗ. ಒಂದು ಹಂಚಿಕೆಯ ದಿನ ತಡೆಯಲಾರದೆ ನಮ್ಮ ಮುಖ್ಯಸ್ಥರಾದ ಚೆಲುವಯ್ಯನವರನ್ನು ಕೇಳಿಯೇಬಿಟ್ಟೆ. ಅವರು ಪಂಚೆ ಎತ್ತಿ ಕಟ್ಟಿಕೊಂಡು ಕೊಪ್ಪರಿಗೆಯಲ್ಲಿ ಹುಟ್ಟು ತಿರುವುತ್ತಿದ್ದರು.

“ಸಾರ್, ಒಂದು ಮನೆಯವರು ತಿಂಗಳೆಲ್ಲ ಒಂದೇ ಹಾಡು ಕೇಳಿದ್ರು ಅಂತ ಇಟ್ಕೊಳಿ. ಈ ಭಾಗೀರಥಮ್ಮನ ಥರ. ಅವರ ಎರಡಚ್ಚೂ ಆ ಹಾಡು ಹಾಡಿದವರಿಗೇ ಹೋಗ್ಬೇಕಲ್ವಾ?”

“ನೀನು ಬಿ.ಎ. ಓದಿರೋಳು. ಬಾ ಇಲ್ಲಿ, ಬಗ್ಗಿ ನೋಡು. ಇದರಲ್ಲಿ ಭಾಗೀರಥಮ್ಮನ ಅಚ್ಚು ಯಾವುದು ತೋರಿಸು.”

“ಕರಗಿಹೋಗಿದೆಯಲ್ಲ ಸಾರ್.”

“ಹಾಂ. ಕರಗಿದ ಮೇಲೆ ಅದು ಭಾಗೀರಥಮ್ಮಂದಲ್ಲ, ಊರಿಂದು. ಊರು ಕೇಳಿದ್ದು ನೂರರಲ್ಲಿ ನಲವತ್ತು ಇಂದ್ರಾಣಿ. ಅಂದ್ಮೇಲೆ ಭಾಗೀರಥಮ್ಮನ ಬೆಲ್ಲದಲ್ಲೂ ನಲವತ್ತು ಪಾಲು ಇಂದ್ರಾಣಿಗೇ.”

“ಅವರು ಇಂದ್ರಾಣೀನ ಒಂದು ಸಲಾನೂ ಕೇಳಿಲ್ಲ ಸಾರ್.”

“ಕೇಳದೇ ಇರೋದನ್ನ ಅಳೆಯೋ ಮೀಟರ್ ಇನ್ನೂ ಬಂದಿಲ್ಲ ಕಣಮ್ಮ,” ಅಂದು ಚೆಲುವಯ್ಯನವರು ನೊರೆ ತೆಗೆದು ಆಚೆ ಎಸೆದರು.

ಇಷ್ಟಿದ್ದರೂ ಹುಣಸೆ ಬೀಜದಷ್ಟು ಬೆಲ್ಲಕ್ಕಾಗಿ ನಾನು ಕೊರಗಿದವಳಲ್ಲ. ನನ್ನ ಹೆದರಿಕೆ ಬೇರೆ ಇತ್ತು. ವರ್ಷಕ್ಕೆ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಫಾಲ್ಗುಣದ ಕೊನೆಯಲ್ಲಿ ಬೆಣೆ ಹೊಡೆಯುತ್ತಾರೆ. ಕಚೇರಿಯ ಕೊಳವೆಯಲ್ಲಿ ಮರದ ಬೆಣೆ ಕೂತರೆ ಆ ನಂಬರಿನಿಂದ ಮತ್ತೆ ಯಾವ ಮನೆಗೂ ಹಾಡು ಬೀಳುವುದಿಲ್ಲ. ಬೆಣೆ ಬಿದ್ದದ್ದು ಬೀದಿಯ ಹಾಡು, ಯಾರು ಬೇಕಾದರೂ ಎತ್ತಿಕೊಂಡು ತಮ್ಮದು ಅನ್ನಬಹುದು. ಪುಷ್ಯದ ಕೊನೆಗೆ ಚೆಲುವಯ್ಯನವರ ದೊಡ್ಡ ಪುಸ್ತಕವನ್ನು ಕದ್ದು ನೋಡಿದೆ. ನಾನೂರ ಹದಿನೇಳು: ಎಂಟುನೂರ ನಲವತ್ತು. ಎರಡು ತಿಂಗಳಲ್ಲಿ ನೂರ ಅರವತ್ತು ಆಗಬೇಕು.

ಆ ಪುಸ್ತಕದಲ್ಲಿ ಲೆಕ್ಕ ಇರುವುದು ಬೀದಿವಾರು. ಹೊಸತರಲ್ಲಿ ಕೇಳಿದವರು ಬಿಟ್ಟ ಮೇಲೆ ಈಗ ನನ್ನ ಎರಡು ಬೀದಿ ಸೇರಿ ತಿಂಗಳಿಗೆ ಮೂವತ್ತು. ಅದರಲ್ಲಿ ಭಾಗೀರಥಮ್ಮನವರದೇ ಹೆಚ್ಚುಕಮ್ಮಿ ಎಲ್ಲ. ಆದರೆ ಮೂರನೇ ಬೀದಿಯಿಂದ ತಿಂಗಳಿಗೆ ನಲವತ್ತು, ನಲವತ್ತೈದು ಬರುತ್ತಿತ್ತು. ಯಾರೋ ಒಬ್ಬರು ದಿನಕ್ಕೊಂದಕ್ಕಿಂತ ಹೆಚ್ಚು ಸಲ, ಇನ್ನೂರು ಉಸಿರು, ನನ್ನನ್ನು ಕೇಳುತ್ತಿದ್ದರು! ಆ ಒಬ್ಬರನ್ನು ನಾನು ದಿನಚರಿಯಲ್ಲಿ ಪುಟಗಟ್ಟಲೆ ಕಟ್ಟಿಕೊಂಡೆ. ಮೂವತ್ತರ ಆಸುಪಾಸಿನ ಗಂಡಸು, ಕನ್ನಡಕ ಉಂಟು, ಒಬ್ಬನೇ ಅಡುಗೆ ಮಾಡಿಕೊಳ್ಳುತ್ತಾನೆ, ಅನ್ನ ಸೀಯಿಸುತ್ತಾನೆ. ಮೂರನೇ ಬೀದಿಯಲ್ಲಿ ಇಂದ್ರಾಣಿಯ ಹೊಸ ಮನೆಯೂ ಇತ್ತು. ಅವನು ಅವಳ ಕಿಟಕಿಯ ಕೆಳಗೇ ಹಾದುಹೋದರೂ ತಲೆ ಎತ್ತುವುದಿಲ್ಲ ಅಂತಲೂ ಬರೆದೆ.

ಮಾಘದಲ್ಲಿ ನಾನು ಒಂದು ಕೆಲಸಕ್ಕೆ ಕೈ ಹಾಕಿದೆ. ಮೇಷ್ಟರ ಮನೆಯ ಮೀಟರಿನಲ್ಲಿ ಇಂದ್ರಾಣಿಗೆ ಇನ್ನೂರ ಮೂವತ್ತಿತ್ತು, ಇನ್ನೂರು ಅಂತ ಬರೆದೆ. ಮುಂದಿನ ಮನೆಯಲ್ಲಿ ನಲವತ್ತು ಕಳೆದೆ, ಅತ್ತೆಯ ಮನೆಯಲ್ಲಿ ಐವತ್ತು, ನಮ್ಮ ಮನೆಯಲ್ಲಿ ಅರವತ್ತು. ನನ್ನದಕ್ಕೆ ಒಂದನ್ನೂ ಕೂಡಿಸಲಿಲ್ಲ, ನಮ್ಮ ನಲ್ಲಿಯಲ್ಲಿ ಬಿಟ್ಟುಕೊಳ್ಳಲೂ ಇಲ್ಲ. ಅದು ಕಳ್ಳತನ ಅಂತ ನನಗೆ ಗೊತ್ತಿತ್ತು. ಕಳೆದು ಬರೆಯುವುದೂ ಕಳ್ಳತನವೇ ಅಂತ ಯಾಕೋ ಆಗ ಅನ್ನಿಸಲಿಲ್ಲ. ಅವಳ ಗಾಡಿಯಿಂದ ನಾಲ್ಕು ಅಚ್ಚು ಕೆಳಗೆ ಬೀಳಲಿ, ಉರುಳಿ ಬಂದು ನನ್ನ ಕಾಲಿಗೆ ತಗುಲಲಿ, ಇಷ್ಟೇ ಆಸೆ.

ಬೆಲ್ಲ ಉರುಳಿತು ನಿಜ, ನನ್ನ ಕಡೆಗಲ್ಲ. ನಮ್ಮೂರಿನಲ್ಲಿ ಗೊರಕೆ ಕರಿಯಪ್ಪ ಅಂತ ಒಬ್ಬನಿದ್ದಾನೆ. ಪಾಪ, ಹಾಡುಗಾರನೇ ಅಲ್ಲ. ಯಾವಾಗಲೋ ಕಚೇರಿಗೆ ಸೌದೆ ತಂದವನು ಕೊಳವೆಯ ಬಾಯಿ ಹತ್ತಿರ ಮಲಗಿಬಿಟ್ಟಿದ್ದನಂತೆ. ಆ ಗೊರಕೆ ಕೇಳಿದರೆ ಮಕ್ಕಳು ನಿದ್ದೆ ಹೋಗುತ್ತವೆ ಅಂತ ಬಾಣಂತಿಯರಿಗೆ ಯಾರು ಹೇಳಿದರೋ, ಈಗ ತೊಟ್ಟಿಲಿರುವ ಮನೆಯಲ್ಲೆಲ್ಲ ಅದೇ. ಇಂದ್ರಾಣಿ ಬಿಟ್ಟರೆ ಅವನೇ. ಕೊಪ್ಪರಿಗೆಯ ಲೆಕ್ಕ ಹಾಗೆಯೇ: ಒಬ್ಬರ ಪಾಲು ಕುಗ್ಗಿದರೆ ಉಳಿದವರಿಗೆ ಅವರವರ ಗಾತ್ರಕ್ಕೆ ತಕ್ಕಂತೆ ಹಿಗ್ಗುತ್ತದೆ. ಆ ತಿಂಗಳು ಕರಿಯಪ್ಪನಿಗೆ ಐದು ಅಚ್ಚು ಹೆಚ್ಚು ಬಂತು. ನನ್ನ ಎಲೆ ಬಿಚ್ಚಿ ನೋಡಿದರೆ ಹುಣಸೆ ಬೀಜದ ಪಕ್ಕದಲ್ಲಿ ಸಾಸಿವೆಯಷ್ಟು ಏನೋ ಇತ್ತು. ಅದು ಬೆಲ್ಲವೋ ಕಸವೋ ತಿಳಿಯಲಿಲ್ಲ. ಅಷ್ಟಾದರೂ ಫಾಲ್ಗುಣದಲ್ಲಿ ಮತ್ತೆ ಕಳೆದೆ. ಅಸೂಯೆಗೆ ಲಾಭ ಬೇಕಾಗಿಲ್ಲ, ಅಭ್ಯಾಸವಾದರೆ ಸಾಕು.

ಮಾಘದ ಎಪ್ಪತ್ತನಾಲ್ಕು ಸೇರಿ ನಾನು ಒಂಬೈನೂರ ಹದಿನಾಲ್ಕಕ್ಕೆ ಬಂದಿದ್ದೆ. ಫಾಲ್ಗುಣದಲ್ಲಿ ನನ್ನ ಬೀದಿಗಳಿಂದ ಮೂವತ್ತೊಂದು. ಮೂರನೇ ಬೀದಿಯಿಂದ ಐವತ್ತೈದು ಬಂದರೆ ಬದುಕಿದೆ. ಆಗಲೇ ಗಿರಿಜಮ್ಮನವರು ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಚೆಲುವಯ್ಯನವರು ನನ್ನನ್ನು ಕರೆದು, “ಮೂರನೇ ಬೀದೀನೂ ನೀನೇ ಮುಗಿಸಿ ಬಾರಮ್ಮ,” ಅಂದರು.

ಆ ದಿನ ನಾನು ಹಸಿರು ಸೀರೆ ಉಟ್ಟುಕೊಂಡೆ. ಮನೆ ಮನೆಯಲ್ಲೂ ಮೊದಲು ಕನ್ನಡಕ ಹುಡುಕಿದೆ, ಆಮೇಲೆ ಮೀಟರು. ಹನ್ನೊಂದು ಮನೆ ಆಯಿತು, ನಾನೂರ ಹದಿನೇಳರ ಗಾಲಿ ಎಲ್ಲೂ ಅಲುಗಿರಲಿಲ್ಲ. ಹನ್ನೆರಡನೆಯದು ಇಂದ್ರಾಣಿಯ ಮನೆ.

“ಅಯ್ಯೋ, ವಾರಿಜಾ! ನೀನೇನೇ ಮೀಟರ್ ಓದೋಳು? ಬಾ ಬಾ, ಒಳಗೆ ಬಾ. ಗಿರಿಜಮ್ಮ ಬಂದ್ರೆ ಬರೀ ಸೊಂಟನೋವಿನ ಕಥೆ. ಕೂತ್ಕೊ, ಮಜ್ಜಿಗೆ ಕೊಡ್ತೀನಿ. ಹಸಿರು ಸೀರೆ ಬೇರೆ ಉಟ್ಟಿದ್ದೀಯಾ, ಯಾರನ್ನ ನೋಡೋಕೇ?”

“ಯಾರನ್ನೂ ಇಲ್ಲ,” ಅಂದೆ. ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅವಳದೇ ಹಾಡುಗಳ ಗಾಲಿಗಳೆಲ್ಲ ಸೊನ್ನೆ. ಹಾಡಿದವರು ಮನೆಯಲ್ಲಿ ತಮ್ಮದನ್ನು ಬಿಟ್ಟುಕೊಂಡರೆ ಲೆಕ್ಕಕ್ಕಿಲ್ಲ. ಕರಿಯಪ್ಪ ಸೊನ್ನೆ. ಇಡೀ ಮೀಟರಿನಲ್ಲಿ ತಿರುಗಿದ್ದದ್ದು ಒಂದೇ ಗಾಲಿ. ನಾನೂರ ಹದಿನೇಳು: ಐವತ್ತೆಂಟು.

ನನ್ನ ಹಿಂದೆ ಲೋಟ ಇಡುವ ಸದ್ದಾಯಿತು. “ಏನೇ ಹಂಗೆ ನೋಡ್ತಾ ಇದ್ದೀಯಾ? ಅದೊಂದೇ ನಾನು ಕೇಳೋದು. ಯಾರ ಹತ್ರನೂ ಹೇಳ್ಬೇಡ.”

“ಚೆನ್ನಾಗಿದೆಯಾ?” ನನ್ನ ದನಿ ನನಗೇ ಕೇಳಿಸಲಿಲ್ಲ.

“ಚೆನ್ನಾಗಿರೋದಾ? ಹೊಟ್ಟೆ ಉರಿಯುತ್ತೆ ಕಣೇ. ಒಂದು ರವಿಕೆ ಒಣಗೋದನ್ನ ಅಷ್ಟುದ್ದ ಹಾಡ್ತಾಳೆ, ಯಾರಿಗೂ ಕಾಯೋದಿಲ್ಲ, ಯಾರಿಗೂ ಹೆದರೋದಿಲ್ಲ. ನಂಗೆ ಹನ್ನೆರಡನೇ ಉಸಿರಿಗೆ ಏನು ಹಾಡ್ಬೇಕು ಅನ್ನೋದೇ ಮರೆತುಹೋಗಿದೆ. ಯಾವಳೋ ಏನೋ, ಹೆಸರೂ ಹಾಕ್ಕೊಂಡಿಲ್ಲ, ಅಷ್ಟು ಕೊಬ್ಬು!” ಅಂದು ನಕ್ಕಳು.

ಕೊಳವೆಯಲ್ಲಿ ಹಾದು ಬಂದ ದನಿಗೆ ತುಸು ತುಕ್ಕಿನ ಬಣ್ಣ ಬಂದಿರುತ್ತದೆ. ಅಲ್ಲದೆ ನನ್ನ ದನಿಯನ್ನು ಅವಳು ಕೇಳಿದ್ದಾದರೂ ಯಾವಾಗ? ಅವಳಿಗೆ ಗುರುತು ಹತ್ತಿರಲಿಲ್ಲ. ಕನ್ನಡಕದವನು ಆ ಅಡುಗೆಕೋಣೆಯಲ್ಲೇ ಸತ್ತ. ನನ್ನ ಹೊಟ್ಟೆಯ ಕೆಂಡ ಆರಬೇಕಿತ್ತು, ಆರಲಿಲ್ಲ, ಇನ್ನಷ್ಟು ಕೆಂಪಗಾಯಿತು. ಗಾಡಿಗಟ್ಟಲೆ ಬೆಲ್ಲ ಅವಳಿಗೆ, ಊರಿನ ರೊಟ್ಟಿಗಳೆಲ್ಲ ಅವಳಿಗೆ, ನಮ್ಮಮ್ಮ ಅವಳಿಗೆ. ಈಗ ನನ್ನ ಹಾಡನ್ನು ಉಳಿಸುವ ಪುಣ್ಯವೂ ಅವಳಿಗೇ ಹೋಗಬೇಕೇ?

“ಅದು ಸಾವಿರ ಮುಟ್ಟಿದೆಯೇನೇ?” ಅವಳು ಕೇಳಿದಳು. “ಮುಟ್ಟದಿದ್ರೂ ಪರವಾಗಿಲ್ಲ ಬಿಡು. ಬೆಣೆ ಬಿದ್ರೆ ನಾನೇ ಎತ್ಕೋತೀನಿ. ನಂಗೆ ಪೂರ್ತಿ ಬಾಯಿಪಾಠ. ಹನ್ನೊಂದು ಹನ್ನೊಂದು ಉಸಿರಿಗೆ ಕತ್ತರಿಸಿದ್ರೆ ಹದಿನೆಂಟು ತುಂಡಾಗುತ್ತೆ, ಲೆಕ್ಕ ಹಾಕಿದ್ದೀನಿ. ಒಂದೊಂದು ಶುಕ್ರವಾರಕ್ಕೆ ಒಂದೊಂದು.”

ಪುಸ್ತಕ ತೆರೆದು ಐವತ್ತೆಂಟು ಅಂತ ಬರೆದೆ. ಅಷ್ಟು ಒತ್ತಿ ಬರೆದೆ ಅಂದರೆ ಕೆಳಗಿನ ಪುಟಕ್ಕೂ ಗುರುತು ಬಿತ್ತು. ದಾರಿಯಲ್ಲಿ ಕೂಡಿದೆ, ಮತ್ತೆ ಕೂಡಿದೆ. ಸಾವಿರದ ಮೂರು. ನನ್ನ ಹಾಡು ಉಳಿದಿತ್ತು. ಅವಳಿಗೆ ಒಂದು ತುಂಡೂ ಸಿಗುವುದಿಲ್ಲ! ಆ ಮಧ್ಯಾಹ್ನ ಎರಡನೇ ಸಲ ಅನ್ನ ಬಡಿಸಿಕೊಂಡೆ.

ವರ್ಷದ ಕೊನೆಗೆ ಚೆಲುವಯ್ಯನವರು ಪ್ರತಿ ಬೀದಿಯಲ್ಲೂ ನಾಲ್ಕಾರು ಮೀಟರುಗಳ ಹಿಂಬದಿಯಲ್ಲಿ ಮೂಡಿರುವ ತಿಂಗಳುವಾರು ಲೆಕ್ಕವನ್ನು ತಾವೇ ನೋಡಿ ನಮ್ಮ ಪುಸ್ತಕಕ್ಕೆ ತಾಳೆ ಹಾಕುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಕೂಡಿಸಿ ಬರೆದವರು ಮಾತ್ರ ಸಿಕ್ಕಿಬೀಳುತ್ತಾರೆ ಅಂತ ನಂಬಿಕೊಂಡಿದ್ದೆ. ಅವರು ಮೇಷ್ಟರ ಮನೆಗೆ ಹೋದರು, ಅತ್ತೆಯ ಮನೆಗೆ ಹೋದರು, ಕೊನೆಗೆ ನಮ್ಮ ಮನೆಗೂ ಬಂದು ಅಮ್ಮನ ಕೈಯಲ್ಲಿ ಕಾಫಿ ಕುಡಿದು ಹೋದರು. ಮಾರನೆಯ ದಿನ ನನ್ನನ್ನು ಕೂರಿಸಿಕೊಂಡು ಪುಸ್ತಕ ತೆರೆದರು.

“ಇದೇನಮ್ಮ ಇದು? ಎಲ್ಲ ಕಡೆ ಒಬ್ಬಳದೇ ಕಮ್ಮಿ.”

ಅವರು ಇನ್ನೊಂದು ಪುಟ ಮಗುಚಿದರು.

“ಜಗಳ ಏನಾದ್ರೂ ಇತ್ತಾ ನಿಮ್ಮಿಬ್ಬರಿಗೂ?”

“ಇಲ್ಲ ಸಾರ್.”

“ಅಂದ್ರೆ ಇದು ಜಗಳಕ್ಕಿಂತ ಕೆಟ್ಟದ್ದು,” ಅಂದರು ಅವರು. ಬೈಯಲಿಲ್ಲ. ಕೆಂಪು ಶಾಯಿ ಅದ್ದಿ, ಮಾಘದ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು, ಫಾಲ್ಗುಣದ ಪುಟಗಳ ಮೇಲೂ. ಸುಳ್ಳು ಬರೆದವರು ಆ ತಿಂಗಳು ಓದಿದ ಪುಟಗಳಷ್ಟೂ ರದ್ದು, ನಮ್ಮ ಕಚೇರಿಯ ಪದ್ಧತಿ ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ಮೂರನೇ ಬೀದಿಯ ಪುಟವೂ ಹೋಯಿತು.

“ಇಂದ್ರಾಣಿಗೇನೂ ಆಗಲ್ಲ, ನೋಡು,” ಚೆಲುವಯ್ಯನವರು ಗೆರೆ ಒಣಗಲಿ ಅಂತ ಊದುತ್ತಾ ಹೇಳಿದರು. “ಎಲ್ಲರದೂ ಒಟ್ಟಿಗೇ ಹೋದ್ರೆ ಪಾಲು ಪಾಲಾಗೇ ಇರುತ್ತೆ. ಕರಿಯಪ್ಪನಿಗೂ ಏನಾಗಲ್ಲ. ಸಾಯೋದು ಅಂಚಿನಲ್ಲಿ ನಿಂತವರು. ಇಲ್ನೋಡು, ಪಾಪ, ಯಾರೋ ಈ ನಾನೂರ ಹದಿನೇಳು. ಸಾವಿರದ ಮೇಲೆ ಮೂರಿತ್ತು. ಈಗ ಎಂಟುನೂರ ಎಂಬತ್ನಾಲ್ಕು.”

ನಾನೇ ಸಾರ್, ಅಂತ ಹೇಳಬಹುದಿತ್ತು. ಹೇಳಿದರೆ ಯಾಕೆ ಕಳೆದೆ ಅನ್ನುವುದೂ ಅದರ ಜೊತೆಗೇ ಹೊರಗೆ ಬರುತ್ತಿತ್ತು. ಸಂಜೆ ನಾಲ್ಕಕ್ಕೆ ಬೆಣೆ ಹೊಡೆದರು. ಮೂರೇ ಪೆಟ್ಟು. ಭಾಗೀರಥಮ್ಮ ಮಾರನೆಯ ದಿನ ಕಚೇರಿಗೇ ಬಂದು, “ನನ್ನ ನಲ್ಲಿ ಕೆಟ್ಟಿದೆ, ರಿಪೇರಿ ಮಾಡಿಕೊಡಿ,” ಅಂತ ಗಲಾಟೆ ಮಾಡಿದರು. ಆಮೇಲೆ ಅವರು ಬೇರೆ ಯಾವ ನಂಬರನ್ನೂ ತಿರುಗಿಸಲಿಲ್ಲವಂತೆ. ಎರಡಚ್ಚು ಮಾತ್ರ ತಪ್ಪದೆ ಕೊಡುತ್ತಿದ್ದಾರೆ.

ನನ್ನನ್ನು ಮೀಟರಿನಿಂದ ತೆಗೆದು ಕೊಪ್ಪರಿಗೆಗೆ ಹಾಕಿದರು. ಈಗ ನಾನೇ ಹುಟ್ಟು ತಿರುವಿ, ನಾನೇ ಅಚ್ಚಿಗೆ ಹೊಯ್ದು, ನಾನೇ ಇಂದ್ರಾಣಿಯ ಗಾಡಿಗೆ ಎತ್ತಿ ಹಾಕಬೇಕು. ಚೈತ್ರದಲ್ಲಿ ಅವಳು ಗಾಡಿಯ ಜೊತೆ ತಾನೇ ಬಂದಳು.

“ಬೆಣೆ ಬಿತ್ತಲ್ಲೇ! ಎರಡು ದಿನ ನಂಗೆ ಊಟ ಸೇರಲಿಲ್ಲ ಗೊತ್ತಾ? ಈ ಶುಕ್ರವಾರದಿಂದ ಶುರು ಮಾಡ್ತೀನಿ. ಆ ಹಾಡಿದವಳು ಯಾರು ಅಂತ ಗೊತ್ತಾದ್ರೆ ಹೇಳು, ಅರ್ಧ ಪಾಲು ಕೊಡ್ತೀನಿ. ನಿಜವಾಗ್ಲೂ ಕೊಡ್ತೀನಿ ಕಣೇ.”

ಕೊಡುವವಳೇ. ಅವಳು ಸುಳ್ಳು ಹೇಳುವವಳಲ್ಲ, ಅದೂ ನನಗೆ ಒಂದು ಉರಿ. ಅರ್ಧ ಪಾಲು ಅಂದರೆ ಅರ್ಧ ಗಾಡಿ. ಅವಳ ಕೈಯಿಂದ ಬರುವ ಅರ್ಧ ಗಾಡಿ. “ಗೊತ್ತಾದ್ರೆ ಹೇಳ್ತೀನಿ,” ಅಂದು ಅಚ್ಚುಗಳನ್ನು ಎತ್ತಿಕೊಟ್ಟೆ.

ಶುಕ್ರವಾರಕ್ಕೊಂದು ತುಂಡು ಬಂತು. ಒಂದನೇ ತುಂಡಿಗೇ ಊರು ಮರುಳಾಯಿತು. ಬಾವಿಕಟ್ಟೆಯಲ್ಲಿ ಅದೇ, ಹಿಟ್ಟಿನ ಗಿರಣಿಯಲ್ಲಿ ಅದೇ. ಮೇಷ್ಟರು ದಾರಿಯಲ್ಲಿ ನಿಲ್ಲಿಸಿ, “ಕೇಳಿದೆಯೇನಮ್ಮ ನಿನ್ನ ಗೆಳತಿಯ ಸಾಹಿತ್ಯ?” ಅಂದರು. ಏಳನೇ ತುಂಡು ಬಂದ ದಿನ ನಾನು ಕೆಲಸ ಮುಗಿಸಿ ಬಂದಾಗ ಅಮ್ಮ ಅಡುಗೆಕೋಣೆಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಳು. ನಲ್ಲಿ ಹರಿಯುತ್ತಿತ್ತು. ಚೆನ್ನಾಗಿಯೇ ಹಾಡಿದ್ದಳು ಇಂದ್ರಾಣಿ. ನನಗಿಂತ ಚೆನ್ನಾಗಿ ಅಂತ ಒಪ್ಪಿಕೊಳ್ಳಲು ಇವತ್ತಿಗೂ ಆಗುವುದಿಲ್ಲ.

“ಎಂಥಾ ಮಾತು ನೋಡೇ ಅವಳದು,” ಅಮ್ಮ ಸಿಪ್ಪೆಯನ್ನು ಮೊರದ ಆಚೆಗೆ ಎಸೆದು ಹೇಳಿದಳು. “ಇದನ್ನ ಕೇಳಿದ್ರೆ ಕೈ ಓಡೋದಿಲ್ಲ, ನಿಂತೇ ಹೋಗುತ್ತೆ. ಅಷ್ಟು ಓದಿದ್ದೀಯಾ, ಮೂರು ಹೊತ್ತೂ ಏನೋ ಗೀಚ್ತಾ ಕೂತಿರ್ತೀಯಾ. ನೀನೂ ಇಂಥದ್ದೊಂದು ಕಟ್ಟಬಾರದಾ?”

ನಾನು ಅವಳ ಎದುರಿಗೆ ಕೂತು ಒಂದು ಹಿಡಿ ಕಾಯಿ ಎತ್ತಿಕೊಂಡೆ. ತುಂಡು ಮುಗಿಯಿತು. ಅಮ್ಮ ಎದ್ದು ಮತ್ತೆ ಅದನ್ನೇ ತಿರುಗಿಸಿ ಬಂದು ಕೂತಳು. ಮತ್ತೆ ಸೀರೆಯ ನುಡಿ ಶುರುವಾಯಿತು, ಸೆರಗಿನವರೆಗೆ ಬಂದು ಅಲ್ಲಿಗೆ ಕಡಿದುಹೋಗುವಂಥದ್ದು. ಸೆರಗಿನ ಆಚೆ ಇರುವುದು ಎಂಟನೆಯ ತುಂಡಿಗೆ, ಮುಂದಿನ ಶುಕ್ರವಾರಕ್ಕೆ. ಇಂದ್ರಾಣಿ ಅರ್ಧಕ್ಕೆ ನಿಲ್ಲಿಸಿದ ಆ ಸಾಲು ನನ್ನ ಗಂಟಲಿನಲ್ಲಿ ಮುಳ್ಳಿನ ಹಾಗೆ ನಿಂತಿತ್ತು, ಅಷ್ಟೇ. ಹಾಡಬೇಕು ಅಂತ ಬಾಯಿ ತೆರೆದವಳಲ್ಲ ನಾನು.

“ಅಂಚಿನಲಿನ್ನೂ ತೇವವಿದೆ, ಮಡಿಸಬೇಡ ಈಗಲೇ…”

ಅಮ್ಮನ ಕೈ ನಿಂತಿತು. “ಅದು ಇನ್ನೂ ಬಂದೇ ಇಲ್ವಲ್ಲೇ. ನಿಂಗೆ ಹೆಂಗೆ ಗೊತ್ತು?”

ನಾನು ಇನ್ನೊಂದು ಕಾಯಿ ಬಿಡಿಸಿದೆ. ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದು ಹೋಗಿ, ಹಾಡುತ್ತಿದ್ದ ಇಂದ್ರಾಣಿಯನ್ನು ನಡುವಿನಲ್ಲೇ ನಿಲ್ಲಿಸಿದಳು.

“ಮುಂದಕ್ಕೆ ಹೇಳು,” ಅಂದಳು.